ಬ್ಯಾಂಕಿಗಾಗಿ ಮಾಡಿದ ತಪ್ಪು, ಬ್ಯಾಂಕಿನ ಒಳಗಿಂದ ಬಂದ ದೂರು: ಜೆಎಐಐಬಿ ಓದುವವರಿಗೆ ಟಿಪ್ಪಣಿ

ಬ್ಯಾಂಕ್ ನೌಕರರು ಬರೆಯುವ ಜೆಎಐಐಬಿ ಪರೀಕ್ಷೆ ಕಟ್ಟಿದವರು ಎಥಿಕ್ಸ್ (ನೀತಿ) ಭಾಗವನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ. "ಅದರಾಗೇನೈತ್ರಿ, ಪ್ರಾಮಾಣಿಕ ಇರಬೇಕು ಅಂತ ಬರದ್ರ ಮುಗೀತು" ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಬ್ಯಾಂಕುಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಸಾಂಸ್ಥಿಕ ವಿಚಲನೆ (ಸಂಸ್ಥೆಗಾಗಿಯೇ ನಿಯಮ ಮುರಿಯುವುದು) ಮತ್ತು ವಿಸಲ್‌ಬ್ಲೋಯಿಂಗ್ (ಒಳಗಿನವರೇ ಅದರ ಬಗ್ಗೆ ದೂರು ಕೊಡುವುದು) ಎರಡನ್ನೂ ಒಟ್ಟಿಗೆ ಓದಿ. ಮೊದಲನೆಯದು ತಿಳಿಯದೆ ಎರಡನೆಯದು ಯಾಕಿಷ್ಟು ಕಷ್ಟ ಎನ್ನುವುದು ತಲೆಗೆ ಹೋಗುವುದಿಲ್ಲ.

ಕ್ಯಾಶಿಯರ್ ಗಲ್ಲಾದಿಂದ ಹಣ ಎತ್ತಿದರೆ ನಷ್ಟ ಬ್ಯಾಂಕಿನದು. ಅವನನ್ನು ಹಿಡಿಯಲು ಎಲ್ಲರೂ ಸಿದ್ಧ. ಸಾಂಸ್ಥಿಕ ವಿಚಲನೆಯಲ್ಲಿ ನಿಯಮ ಮುರಿಯುವುದು ಬ್ಯಾಂಕಿನ ಟಾರ್ಗೆಟ್ ಮುಟ್ಟಿಸಲು. ಪಕ್ಕದ ಟೇಬಲ್ಲಿನವರಿಗೆ ಗೊತ್ತಿರುತ್ತದೆ, ಮೇಲಿನವರು ಕಂಡೂ ಕಾಣದಂತಿರುತ್ತಾರೆ, ಹೊಸದಾಗಿ ಸೇರಿದವರಿಗೆ ಅದನ್ನೇ ಕೆಲಸ ಎಂದು ಕಲಿಸುತ್ತಾರೆ. ಈ ಕೊನೆಯ ಲಕ್ಷಣಕ್ಕೆ ಅಡಿಗೆರೆ ಎಳೆದುಕೊಳ್ಳಿ.

ಬ್ಯಾಡಗಿಯಲ್ಲಿ ಒಂದು ಶಾಖೆ ಎಂದು ಕಲ್ಪಿಸಿಕೊಳ್ಳಿ. ಮೆಣಸಿನಕಾಯಿ ವ್ಯಾಪಾರಿಗೆ ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಮೇಲಿನ ಸಾಲ) ಕೊಟ್ಟಿದ್ದಾರೆ. ವ್ಯಾಪಾರಿ ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಫೀಲ್ಡ್ ಆಫೀಸರ್ ಕೋಲ್ಡ್ ಸ್ಟೋರೇಜಿಗೆ ಹೋಗಿ ಚೀಲ ಎಣಿಸಿ ಇನ್‌ಸ್ಪೆಕ್ಷನ್ ರಿಜಿಸ್ಟರಿನಲ್ಲಿ ಬರೆಯಬೇಕು. ಡ್ರಾಯಿಂಗ್ ಪವರ್, ಅಂದರೆ ವ್ಯಾಪಾರಿ ಎಷ್ಟು ಹಣ ಎತ್ತಬಹುದು ಎಂಬುದು, ನಿಲ್ಲುವುದು ಈ ಲೆಕ್ಕದ ಮೇಲೆ. ಮಾರ್ಚ್ ಬಂತು, ವಸೂಲಿ ಒತ್ತಡ, ಹೋಗಲು ಪುರುಸೊತ್ತಿಲ್ಲ. "ಪಾರ್ಟಿ ಚಲೋ ಐತಿ, ಹ್ವಾದ ತಿಂಗಳದ್ದ ಬರದಬಿಡ್ರಿ" ಎಂದರು ಮ್ಯಾನೇಜರ್. ಬರೆದರು, ಏನೂ ಆಗಲಿಲ್ಲ. ಏಪ್ರಿಲ್‌ನಲ್ಲೂ ಹಾಗೇ ಬರೆದರು. ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟಿನ ಮೇಲೆ ಹಣ ಬಿಟ್ಟರೆ ಖಾತೆ ಅನಿಯಮಿತ, ಅದು 90 ದಿನ ಮುಂದುವರಿದರೆ ಎನ್‌ಪಿಎ (ಅನುತ್ಪಾದಕ ಸಾಲ) ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಅದಕ್ಕೇ ಕಾಗದ ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಚೀಲ ಮಾತ್ರ ಯಾರೂ ನೋಡಿರುವುದಿಲ್ಲ. ಮರುವರ್ಷ ಬಂದ ಪ್ರೊಬೇಷನರಿ ಆಫೀಸರ್ ಹಳೆಯ ರಿಜಿಸ್ಟರ್ ನೋಡಿಯೇ ಕೆಲಸ ಕಲಿಯುತ್ತಾನೆ. ಅವನ ಮಟ್ಟಿಗೆ ಇದು ತಪ್ಪೇ ಅಲ್ಲ.

1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಹೀಗೆ ತಪ್ಪೇ ರೂಢಿಯಾಗುವುದನ್ನು ವಿಚಲನೆಯ ಸಹಜೀಕರಣ ಎಂದು ಕರೆದರು. ಉತ್ತರದಲ್ಲಿ ಈ ಹೆಸರು ಇರಲಿ.

ಈಗ ದೂರು, ಅಂದರೆ ವಿಸಲ್‌ಬ್ಲೋಯಿಂಗ್. ಸಂಶೋಧಕರಾದ ನಿಯರ್ ಮತ್ತು ಮಿಸೆಲಿ 1985ರಲ್ಲಿ ಕೊಟ್ಟ ವ್ಯಾಖ್ಯಾನದ ಸಾರ ಇಷ್ಟು: ಸಂಸ್ಥೆಯ ಹಾಲಿ ಅಥವಾ ಮಾಜಿ ಸದಸ್ಯರು ಅಲ್ಲಿನ ಅಕ್ರಮ ಅಥವಾ ಅನೈತಿಕ ಕೆಲಸವನ್ನು, ಕ್ರಮ ಕೈಗೊಳ್ಳಬಲ್ಲವರಿಗೆ ತಿಳಿಸುವುದು. ಬಹಳ ಮಂದಿ ತಿಳಿಸುವವರ ಧೈರ್ಯದ ಮೇಲೆ ಪುಟ ತುಂಬಿಸುತ್ತಾರೆ. ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದು ಕೇಳಿಸಿಕೊಳ್ಳುವವರು ಯಾರು ಎಂಬುದರ ಮೇಲೆ. ತಪ್ಪನ್ನು ಕಲಿಸಿದ ಮ್ಯಾನೇಜರ್ ಮೂಲಕವೇ ದೂರು ಮೇಲೆ ಹೋಗಬೇಕಾದರೆ ಧೈರ್ಯ ಇದ್ದೂ ಏನು ಬಂತು? ವರ್ಗಾವಣೆ ಆದೇಶ ಬರುತ್ತದೆ, ಅಷ್ಟೇ.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಇದಕ್ಕೆ ಸಾಕ್ಷಿ. ಟಾರ್ಗೆಟ್ ಮುಟ್ಟಲು ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರನ್ನು ಬ್ಯಾಂಕ್ ಅಷ್ಟರಲ್ಲೇ ಮನೆಗೆ ಕಳಿಸಿತ್ತು. ಅಲ್ಲಿ ಎಥಿಕ್ಸ್ ಹಾಟ್‌ಲೈನ್ ಇರಲಿಲ್ಲವೇ? ಇತ್ತು. ಅದಕ್ಕೆ ಕರೆ ಮಾಡಿದ್ದ ಮ್ಯಾನೇಜರ್ ಒಬ್ಬರು 2010ರಲ್ಲಿ ಕೆಲಸ ಕಳೆದುಕೊಂಡಿದ್ದರು. ಅವರನ್ನು ಮರಳಿ ಸೇರಿಸಿಕೊಂಡು 54 ಲಕ್ಷ ಡಾಲರ್ ಕೊಡಿ ಎಂಬ ಸರ್ಕಾರಿ ಆದೇಶ ಬಂದದ್ದು 2017ರಲ್ಲಿ.

ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನ ಕಥೆ ಇದಕ್ಕೆ ತಿರುವುಮುರುವು. ಒಂದೇ ಬಿಲ್ಡರ್ ಸಮೂಹಕ್ಕೆ ಕೊಟ್ಟ ಸಾಲ ಮುಚ್ಚಿಡಲು 21,049 ನಕಲಿ ಖಾತೆ ಸೃಷ್ಟಿಸಿದ್ದರು. ಆಡಿಟ್‌ಗಳೆಲ್ಲ ದಾಟಿ ಹೋಗಿದ್ದವು. ಒಳಗಿನ ಸಿಬ್ಬಂದಿ ರಿಸರ್ವ್ ಬ್ಯಾಂಕಿಗೆ ತಿಳಿಸಿದ ಮೇಲೆಯೇ ಗಂಟು ಬಿಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧ ಬಿದ್ದಾಗ ಗ್ರಾಹಕರಿಗೆ ಹಣ ತೆಗೆಯಲು ಮೊದಲು ಸಿಕ್ಕ ಮಿತಿ ಬರೀ 1,000 ರೂಪಾಯಿ.

ಇನ್ನು ನಮ್ಮ ದೇಶದಲ್ಲಿ ದೂರು ಕೊಡುವ ದಾರಿಗಳು. ಪರೀಕ್ಷಕರು ಎಡವಿಸುವುದು ಇಲ್ಲೇ. ಸರ್ಕಾರಿ ಬ್ಯಾಂಕಿನವರಿಗೆ 2004ರ ಪಿಐಡಿಪಿಐ (ಸಾರ್ವಜನಿಕ ಹಿತದ ಮಾಹಿತಿ ಮತ್ತು ಮಾಹಿತಿದಾರರ ರಕ್ಷಣೆ) ನಿರ್ಣಯ. ಹೆದ್ದಾರಿ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪತ್ರ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಕೊಲೆಯಾದ ಬಳಿಕ ಬಂದದ್ದು. ದೂರು ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು, ಮೇಲೆ ಪಿಐಡಿಪಿಐ ದೂರು ಎಂದು ಬರೆದಿರಬೇಕು. ಹೆಸರು, ವಿಳಾಸ ಲಕೋಟೆಯ ಮೇಲೆ ಕೂಡದು, ಒಳಗಿನ ಪತ್ರದಲ್ಲಿ ಇರಲೇಬೇಕು. ಅನಾಮಧೇಯ ಪತ್ರವನ್ನು ಈ ನಿರ್ಣಯದಡಿ ಪರಿಗಣಿಸುವುದಿಲ್ಲ. ಖಾಸಗಿ ಮತ್ತು ವಿದೇಶಿ ಬ್ಯಾಂಕಿನವರಿಗೆ ರಿಸರ್ವ್ ಬ್ಯಾಂಕಿನ 2007ರ ಸಂರಕ್ಷಿತ ಮಾಹಿತಿ ಯೋಜನೆ. ಲಿಸ್ಟೆಡ್ ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 177ನೇ ಕಲಮಿನ ವಿಜಿಲ್ ವ್ಯವಸ್ಥೆ (ಕಂಪನಿಯೊಳಗೇ ದೂರು ಕೊಡುವ ದಾರಿ). 2014ರ ವಿಸಲ್‌ಬ್ಲೋವರ್ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ. ಆಯ್ಕೆಯಲ್ಲಿ "ಜಾರಿಯಲ್ಲಿದೆ" ಎಂದು ಕಂಡರೆ ಹುಷಾರು.

1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು; ಇದನ್ನು ಓದುವವರಲ್ಲಿ ಅರ್ಬನ್ ಸಹಕಾರಿ ಬ್ಯಾಂಕಿನವರೂ ಇದ್ದೀರಿ. 2007ರ ಯೋಜನೆಯ ವ್ಯಾಪ್ತಿಯಲ್ಲಿ ಸಹಕಾರಿ ಬ್ಯಾಂಕುಗಳಿಲ್ಲ. ಹಾವೇರಿಯ ಸಹಕಾರಿ ಬ್ಯಾಂಕಿನ ಕ್ಲರ್ಕ್ ರಿಸರ್ವ್ ಬ್ಯಾಂಕಿಗೆ ಪತ್ರ ಬರೆಯಲು ಅಡ್ಡಿಯಿಲ್ಲ, ಹೆಸರು ಗುಟ್ಟಾಗಿಡುವ ಆ ಯೋಜನೆಯ ಭರವಸೆ ಮಾತ್ರ ಅವನಿಗೆ ಅನ್ವಯಿಸದು. ಕೇಸ್ ಸ್ಟಡಿ ಕೊಟ್ಟರೆ ಅದು ಯಾವ ವರ್ಗದ ಬ್ಯಾಂಕು ಎಂದು ಮೊದಲು ನೋಡಿ, ಆಮೇಲೆ ಪೆನ್ನು ಎತ್ತಿ.