ಹಿಂಡಿದ ಹಾಡನ್ನು ರೇಡಿಯೋ ಮತ್ತೆ ಹಿಂಡಿದಾಗ

1980ರ ದಶಕದ ಒಂದು ಸಿಡಿಯ ಹಾಡನ್ನು ಕಂಪ್ಯೂಟರ್ ಪರದೆಯಲ್ಲಿ ತೆರೆದು ನೋಡಿ. ದನಿಯ ಅಲೆ ಗುಡ್ಡದ ಸಾಲಿನ ಹಾಗೆ ಏರಿಳಿಯುತ್ತದೆ. 2000ದ ನಂತರದ ಎಷ್ಟೋ ಹಾಡುಗಳಲ್ಲಿ ಅದು ಇಟ್ಟಿಗೆಯ ಹಾಗೆ ಮಟ್ಟಸ; ಜೋರು ದನಿಗೂ ಮೆಲುದನಿಗೂ ಇರುವ ಅಂತರವನ್ನೇ ಹಿಂಡಿರುತ್ತಾರೆ. ಯಾಕೆ ಅಂತ ಕೇಳಿದರೆ ಹಾಡು ತಯಾರಿಸುವವರು, "ರೇಡಿಯೋದಲ್ಲಿ ಜೋರಾಗಿ ಕೇಳಿಸಬೇಕಲ್ವಾ" ಅನ್ನುತ್ತಿದ್ದರು. ಕೇಳಿಸುತ್ತದೆಯೇ? ಇಲ್ಲ.

ಎಫ್‌ಎಂ ಪ್ರಸಾರಕ್ಕೆ ಒಂದು ಗೆರೆ ಇದೆ. ದನಿ ಎಷ್ಟೇ ಜೋರಾದರೂ ಕೇಂದ್ರದ ತರಂಗ ತನ್ನ ಜಾಗದಿಂದ 75 ಕಿಲೋಹರ್ಟ್ಸ್‌ಗಿಂತ ಆಚೀಚೆ ಸರಿಯುವಂತಿಲ್ಲ. ಆ ಗೆರೆ ಕಾಯಲು ಲಿಮಿಟರ್, ಅಂದರೆ ದನಿ ಮಿತಿ ಮೀರದಂತೆ ತಡೆಯುವ ಸಾಧನ, ಬೇಕಾಯಿತು. 1975ರಲ್ಲಿ ಅಮೆರಿಕದ ಬಾಬ್ ಆರ್ಬನ್ ಅವರ ಆಪ್ಟಿಮೋಡ್ ಎಂಬ, ಪ್ರಸಾರದ ದನಿಯನ್ನು ಹದ ಮಾಡುವ ಪೆಟ್ಟಿಗೆ ಬಂದ ಮೇಲೆ ಆಟವೇ ಬದಲಾಯಿತು. ಗೆರೆ ದಾಟದೆಯೇ ಜಾಸ್ತಿ ಜೋರು ಮಾಡಬಹುದಿತ್ತು. ಕೇಂದ್ರಗಳು ಪೈಪೋಟಿಗೆ ಬಿದ್ದವು.

ಈ ಪೆಟ್ಟಿಗೆ ಮೆಲ್ಲಗಿನ ಹಾಡನ್ನು ಎತ್ತುತ್ತದೆ, ಜೋರಾದದ್ದನ್ನು ಇಳಿಸುತ್ತದೆ. ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಆದರೆ ಗಾಯ ಉಳಿಯುತ್ತದೆ. ಸ್ನೇರ್ ಡ್ರಮ್‌ಗೆ ಕೋಲು ಬಿದ್ದ ಕ್ಷಣವನ್ನೇ ತೆಗೆದುಕೊಳ್ಳಿ. ಮಾಸ್ಟರಿಂಗ್‌ನಲ್ಲೇ, ಅಂದರೆ ಸ್ಟುಡಿಯೋದಲ್ಲಿ ಹಾಡಿಗೆ ಕೊಡುವ ಕೊನೆಯ ಹದದಲ್ಲೇ, ಆ ಏಟಿನ ತುದಿಯನ್ನು ಕತ್ತರಿಸಿರುತ್ತಾರೆ. ರೇಡಿಯೋ ಪೆಟ್ಟಿಗೆಯೊಳಗೆ ಫೇಸ್ ರೊಟೇಟರ್ ಅಂತ ಒಂದು ಭಾಗ ಇರುತ್ತದೆ. ಮಾತಿನ ಅಲೆ ಒಂದೇ ಕಡೆ ವಾಲದಂತೆ ಸರಿತೂಗಿಸುವುದು ಅದರ ಕೆಲಸ. ಕತ್ತರಿಸಿದ ಅಲೆ ಅದರೊಳಗೆ ಹೋದರೆ ಮಟ್ಟಸವಾಗಿದ್ದ ತಲೆ ಓರೆಯಾಗಿ ಮತ್ತೆ ಚಿಗುರುತ್ತದೆ. ಅದನ್ನು ಪೆಟ್ಟಿಗೆ ಇನ್ನೊಮ್ಮೆ ಕತ್ತರಿಸುತ್ತದೆ. ಕೋಲಿನ ಏಟು ಹೋಗಿ ರಟ್ಟಿನ ಸದ್ದು ಉಳಿಯುತ್ತದೆ.

ಚೂಪು ದನಿಗಳ ಪಾಡು ಇನ್ನೂ ಕಷ್ಟ. ಗೊರಗೊರ ಶಬ್ದ ತಗ್ಗಿಸಲು ಎಫ್‌ಎಂನಲ್ಲಿ ಮೇಲಿನ ಸ್ವರಗಳನ್ನು ಮೊದಲು ಎತ್ತಿ ಕಳಿಸುತ್ತಾರೆ, ರೇಡಿಯೋ ಸೆಟ್ ಇಳಿಸಿಕೊಳ್ಳುತ್ತದೆ. ಹಾಗಾಗಿ 'ಸ', 'ಶ', ಡ್ರಮ್ ಸೆಟ್ಟಿನ ಹೈ-ಹ್ಯಾಟ್ ತಾಳಗಳೇ ಮೊದಲು ಗೆರೆ ಮುಟ್ಟುವುದು. ಮಿನುಗಲಿ ಅಂತ ಟ್ರೆಬಲ್ ಏರಿಸಿದ ಹಾಡು ರೇಡಿಯೋದಲ್ಲಿ ಮಂಕಾಗುತ್ತದೆ, ಇಲ್ಲವೇ ಕರಕರ ಅನ್ನುತ್ತದೆ.

ಇದನ್ನೆಲ್ಲ ಸ್ವತಃ ಆರ್ಬನ್, ಇಂಥದ್ದೇ ಪೆಟ್ಟಿಗೆ ಮಾಡುವ ಪ್ರತಿಸ್ಪರ್ಧಿ ಆಮ್ನಿಯಾದ ಫ್ರಾಂಕ್ ಫೋಟಿ ಜೊತೆ ಸೇರಿ ಬರೆದು ಎಚ್ಚರಿಸಿದ್ದರು. ಕತ್ತಿ ಮಾರುವವರೇ ಕೈ ಜೋಪಾನ ಅಂದ ಹಾಗೆ! ಸ್ಟುಡಿಯೋಗಳು ಸುಮ್ನೆ ಕೇಳಿಸಿಕೊಂಡವು, ಅಷ್ಟೆ.

ಟಿವಿಯಲ್ಲಿ ಮಾತ್ರ ಬೇಗ ದಾರಿ ಸಿಕ್ಕಿತು. 2006ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಕಿವಿಗೆ ಅನ್ನಿಸುವ ಜೋರನ್ನೇ ಅಳೆಯುವ ವಿಧಾನ ಕೊಟ್ಟಿತು. 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಮೈನಸ್ 23 ಎಲ್‌ಯುಎಫ್‌ಎಸ್ (ಆ ಜೋರನ್ನು ಅಳೆಯುವ ಮಾನ) ಮಟ್ಟವನ್ನು ಶಿಫಾರಸು ಮಾಡಿತು. ಅದೇ ವರ್ಷ ಅಮೆರಿಕ, ಕಿರುಚುವ ಟಿವಿ ಜಾಹೀರಾತುಗಳ ವಿರುದ್ಧ ಕಾನೂನು ತಂದಿತು. ಎಫ್‌ಎಂ ಕೇಂದ್ರಗಳಲ್ಲಿ ಆ ಪೆಟ್ಟಿಗೆ ಇನ್ನೂ ಕೂತಿದೆ. ಅದಕ್ಕೆ ಒಗ್ಗುವುದು ಮೊದಲೇ ಹಿಂಡದ, ಏಟುಗಳು ಉಳಿದಿರುವ ಮಾಸ್ಟರ್.