ಅನ್ವಯ ಬಿಟ್ಟು ತಾತ್ಪರ್ಯಕ್ಕೆ ಕೈಹಾಕುವವರು

ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಇಂಗ್ಲಿಷ್ ಸಾಹಿತ್ಯಕ್ಕೆ ಟ್ಯೂಷನ್ ಹುಡುಕಿಕೊಂಡು ಬರುವವರ ಮೊದಲ ಮಾತು ಮೈಸೂರಿನ ಸರಸ್ವತಿಪುರಂನಲ್ಲೂ ಅದೇ, ಮಂಡ್ಯದಲ್ಲೂ ಅದೇ: "ಮೇಡಂ, ಒಂದು ಒಳ್ಳೆ ಸಮ್ಮರಿ ಕೊಟ್ಬಿಡಿ, ಬಾಯಿಪಾಠ ಮಾಡ್ಕೊತೀನಿ." ಜೊತೆಗೆ ಬಂದ ಅಪ್ಪ ದನಿಗೂಡಿಸುತ್ತಾರೆ: "ಹೂಂ ಮೇಡಂ, ಟೆಕ್ಸ್ಟೆಲ್ಲ ಓದ್ತಾ ಕೂತ್ರೆ ಯಾವಾಗ ಮುಗಿಯೋದು?" ಅವರು ಹೇಳುವ ಆ ಟೆಕ್ಸ್ಟು ಹದಿನಾಲ್ಕು ಸಾಲಿನ ಒಂದು ಸಾನೆಟ್. ಗೈಡಿನಲ್ಲಿರುವ ಅದರ ಸಮ್ಮರಿ ಎರಡು ಪುಟ.

ಇದೇ ಮಕ್ಕಳು ಕನ್ನಡದ ತರಗತಿಯಲ್ಲಿ ಹೀಗೆ ಮಾಡುವುದಿಲ್ಲ. ಪಂಪನದೋ ಕುಮಾರವ್ಯಾಸನದೋ ಒಂದು ಪದ್ಯ ಕೊಟ್ಟರೆ ಮೊದಲು ಪದ ಬಿಡಿಸುತ್ತಾರೆ, ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ ಎಂದು ನೋಡಿ ಅನ್ವಯ ಕಟ್ಟುತ್ತಾರೆ, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುತ್ತಾರೆ, ತಾತ್ಪರ್ಯ ಆಮೇಲೆ. ಕಲಿಸಿದವರಾರೋ ಬೈದು ಕಲಿಸಿದ್ದಾರೆ, ಅದು ಕೈಗೆ ಹತ್ತಿದೆ. ಇಂಗ್ಲಿಷ್ ಪದ್ಯ ಎದುರಾದ ಕೂಡಲೇ ಆ ಕೈ ಮಡಚಿಕೊಳ್ಳುತ್ತದೆ. ಅನ್ವಯವೇ ಇಲ್ಲದೆ ತಾತ್ಪರ್ಯಕ್ಕೆ ಹಾರುತ್ತಾರೆ, ಅದೂ ಇನ್ನೊಬ್ಬರು ಬರೆದ ತಾತ್ಪರ್ಯಕ್ಕೆ. ಪ್ರಶ್ನೆಪತ್ರಿಕೆ ಎರಡು ಸಾಲು ಎತ್ತಿಕೊಟ್ಟು 'ಸಂದರ್ಭದೊಡನೆ ವಿವರಿಸಿ' ಎಂದರೆ, ಪದ್ಯದ ಒಟ್ಟು ಸಾರವನ್ನೇ ಅಲ್ಲಿಯೂ ಸುರಿದು ಬರುತ್ತಾರೆ. ಕೇಳಿದ ಸಾಲಿನ ಬಗ್ಗೆ ಉತ್ತರದಲ್ಲಿ ಒಂದು ಮಾತೂ ಇರುವುದಿಲ್ಲ. ಅಂಕ ಹೋಗುವುದು ಅಲ್ಲಿ.

ಶೇಕ್ಸ್‌ಪಿಯರನ 73ನೆಯ ಸಾನೆಟ್ ತೆಗೆದುಕೊಳ್ಳಿ. 1609ರಲ್ಲಿ ಅಚ್ಚಾದ 154 ಸಾನೆಟ್‌ಗಳಲ್ಲಿ ಪಾಠಕ್ಕೆ ಪದೇ ಪದೇ ಬರುವವುಗಳಲ್ಲಿ ಇದೊಂದು. ಮಕ್ಕಳು ಬಾಯಿಪಾಠ ಮಾಡಿಕೊಂಡು ಬರುವ ಸಾರ ಸಾಮಾನ್ಯವಾಗಿ ಇಷ್ಟು: ಕವಿ ತನ್ನ ಮುಪ್ಪನ್ನು ಎಲೆ ಉದುರುವ ಕಾಲಕ್ಕೆ, ಮುಸ್ಸಂಜೆಗೆ, ಆರುತ್ತಿರುವ ಬೆಂಕಿಗೆ ಹೋಲಿಸುತ್ತಾನೆ, ಪ್ರೀತಿಗೆ ಸಾವಿಲ್ಲ ಎಂಬುದು ಸಂದೇಶ. ಮೊದಲರ್ಧ ಸುಳ್ಳಲ್ಲ. ಎರಡನೆಯರ್ಧ ಈ ಪದ್ಯದಲ್ಲಿ ಎಲ್ಲೂ ಇಲ್ಲ. ಅದು 116ನೆಯ ಸಾನೆಟ್‌ಗೆ ಹೊಂದುವ ಮಾತು, ಯಾರೋ ಇದಕ್ಕೂ ಅಂಟಿಸಿದ್ದಾರೆ. ಹದಿನಾಲ್ಕು ಸಾಲಿಗೆ ಅನ್ವಯ ಮಾಡಿದವರಿಗೆ ಇದು ತಾನಾಗಿ ಗೊತ್ತಾಗುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಉದ್ದನೆಯ ನೋಟ್‌ಬುಕ್‌ನ ಎಡಪುಟದಲ್ಲಿ ಪದ್ಯವನ್ನು ಕೈಯಲ್ಲೇ ಬರೆದುಕೊಳ್ಳಿ, ಪ್ರತಿ ಸಾಲಿನ ನಡುವೆ ಒಂದು ಗೆರೆ ಖಾಲಿ ಬಿಡಿ. ಜೆರಾಕ್ಸ್ ಅಂಟಿಸಿದರೆ ಸಾಲದು, ಬರೆಯುವಾಗ ಕಣ್ಣು ನಿಲ್ಲುವಷ್ಟು ಜೆರಾಕ್ಸ್‌ನ ಮೇಲೆ ನಿಲ್ಲುವುದಿಲ್ಲ. ಬಲಪುಟ ಅನ್ವಯಕ್ಕೆ. ಮೊದಲು ಪೂರ್ಣವಿರಾಮಗಳನ್ನು ಹುಡುಕಿ ಅಲ್ಲಿ ಎರಡು ಅಡ್ಡಗೆರೆ ಹಾಕಿ. ಈಗಿನ ಬಹುತೇಕ ಮುದ್ರಣಗಳಲ್ಲಿ ಈ ಸಾನೆಟ್‌ನಲ್ಲಿರುವುದು ನಾಲ್ಕೇ ವಾಕ್ಯ: ನಾಲ್ಕು ಸಾಲಿನವು ಮೂರು, ಎರಡು ಸಾಲಿನದು ಒಂದು. ಹದಿನಾಲ್ಕು ಸಾಲು ಅಂದರೆ ಹದಿನಾಲ್ಕು ಮಾತು ಎಂದುಕೊಂಡಿದ್ದವರ ಭಯ ಅಲ್ಲೇ ಅರ್ಧ ಇಳಿಯುತ್ತದೆ. ಆಮೇಲೆ ಜೋರಾಗಿ ಓದಿ. ಸಾಲಿನ ಕೊನೆಯಲ್ಲಿ ನಿಲ್ಲಬೇಡಿ, ವಿರಾಮಚಿಹ್ನೆ ಇದ್ದ ಕಡೆ ಮಾತ್ರ ನಿಲ್ಲಿ.

ಇನ್ನು ಕ್ರಿಯಾಪದ. ಮೊದಲ ವಾಕ್ಯದ ಮುಖ್ಯ ಕ್ರಿಯೆ 'ಬಿಹೋಲ್ಡ್', ಕಾಣುವುದು. ಅದು ಕೂತಿರುವುದು ಮೊದಲ ಸಾಲಿನ ಕಟ್ಟಕಡೆಗೆ. ಶುರುವಿನಲ್ಲಿರುವುದು ಕರ್ಮ. ಆ ಸಾಲಿನ ಪದಗಳನ್ನು ಇದ್ದ ಹಾಗೇ ಕನ್ನಡದಲ್ಲಿಟ್ಟರೆ 'ವರ್ಷದ ಆ ಕಾಲವನ್ನು ನೀನು ನನ್ನಲ್ಲಿ ಕಾಣಬಹುದು' ಎಂದಾಗುತ್ತದೆ. ಇಂಗ್ಲಿಷಿನವರೇ ಹಿಂದುಮುಂದು ಮಾಡಿಕೊಂಡು ಓದಬೇಕಾದ ಸಾಲು ನಮಗೆ ನೇರವಾಗಿದೆ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಇಷ್ಟು ಹೇಳಿದರೂ "ನಂಗೆ ಇಂಗ್ಲಿಷ್ ಪೊಯೆಟ್ರಿ ಬರಲ್ಲ" ಎನ್ನುವವರು ಇದ್ದೇ ಇರುತ್ತಾರೆ.

ಕನ್ನಡಕ್ಕೆ ವಿಭಕ್ತಿ ಇದೆ, ಇಂದಿನ ಇಂಗ್ಲಿಷಿನಲ್ಲಿ ನಾಮಪದದ ವಿಭಕ್ತಿ ಹೆಚ್ಚುಕಡಿಮೆ ಸವೆದುಹೋಗಿದೆ. ಹಾಗಾಗಿ ಪದ್ಯದಲ್ಲಿ ಪದಗಳು ಜಾಗ ಬದಲಿಸಿದರೆ ಯಾವುದು ಕರ್ತೃ ಯಾವುದು ಕರ್ಮ ಎಂದು ತಿಳಿಯುವುದು ಕಷ್ಟ. ಮದ್ದು ಸುಲಭ: ಕರ್ಮಪದದ ತಲೆಯ ಮೇಲೆ ಪೆನ್ಸಿಲಿನಲ್ಲಿ 'ಅನ್ನು' ಎಂದು ಬರೆಯಿರಿ, ಬೇಕಾದಲ್ಲಿ 'ಇಂದ', 'ಗೆ', 'ಅಲ್ಲಿ' ಸೇರಿಸಿ. ಏಳನೆಯ ಸಾಲಿನಲ್ಲಿ ಮುಸ್ಸಂಜೆ ಇದೆ, ಕಪ್ಪು ರಾತ್ರಿ ಇದೆ, ಒಯ್ಯುವ ಕ್ರಿಯೆ ಇದೆ. ಸಾಲು 'ವಿಚ್' ಎಂದು ಶುರುವಾಗುವುದರಿಂದ ಅದನ್ನೇ ಕರ್ತೃ ಮಾಡಿಕೊಂಡು 'ಮುಸ್ಸಂಜೆ ರಾತ್ರಿಯನ್ನು ಒಯ್ಯುತ್ತದೆ' ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. 'ವಿಚ್' ಮೇಲೆ ಒಂದು 'ಅನ್ನು' ಹಾಕಿದರೆ ಮುಗಿಯಿತು: ಅದನ್ನು ಕಪ್ಪು ರಾತ್ರಿ ಒಯ್ಯುತ್ತದೆ. ಎಂಟನೆಯ ಸಾಲಿನಲ್ಲಿ 'ಸಾವಿನ ಇನ್ನೊಂದು ರೂಪ' ಎಂದಿರುವುದು ಆ ರಾತ್ರಿಗೇ, ಸಂಜೆಗಲ್ಲ. ಒಂದು ಬಾಣದ ಗುರುತು ಎಳೆದುಬಿಡಿ.

ಪದಕೋಶದ ವಿಚಾರಕ್ಕೆ ಬಂದರೆ, ಗೊತ್ತಿಲ್ಲದ ಪದದಿಂದ ಅಪಾಯ ಕಡಿಮೆ, ಅದನ್ನು ಹೇಗೂ ಹುಡುಕುತ್ತೀರಿ. ಗೊತ್ತಿದೆ ಎಂದುಕೊಂಡ ಪದವೇ ಕೆಡಿಸುವುದು. ನಾಲ್ಕನೆಯ ಸಾಲಿನ 'ಲೇಟ್' ಅಂದರೆ ತಡವಾಗಿ ಅಲ್ಲ, ಇತ್ತೀಚಿನವರೆಗೆ. ಹಕ್ಕಿಗಳು ಲೇಟಾಗಿ ಹಾಡಿದವು ಎಂದು ಬರೆದ ಉತ್ತರಕ್ಕೆ ಯಾವ ಪರೀಕ್ಷಕರೂ ದಯೆ ತೋರಿಸಲಾರರು. ಬೆಂಕಿಯ ಸಾಲುಗಳಲ್ಲಿ ಬರುವ 'ಹಿಸ್' ಯಾವ ಗಂಡಸನ್ನೂ ಸೂಚಿಸುವುದಿಲ್ಲ, ಅಲ್ಲಿ ಅದು ಬೆಂಕಿಯದು. 'ಎಕ್ಸ್‌ಪೈರ್' ಎಂದರೆ ಮಾತ್ರೆಯ ಪೊಟ್ಟಣದ ಮೇಲಿನ ತಾರೀಖಲ್ಲ, ಕೊನೆಯುಸಿರೆಳೆಯುವುದು. ಮೂರು ಅಕ್ಷರದ ಪದವನ್ನೂ ಒಮ್ಮೆ ಅನುಮಾನಿಸಿ. ಸಾಮಾನ್ಯ ಡಿಕ್ಷನರಿಗಿಂತ ಅಡಿಟಿಪ್ಪಣಿ ಇರುವ ಮುದ್ರಣ ಉಪಯುಕ್ತ, ಲೈಬ್ರರಿಯಲ್ಲಿ ಸಿಗುತ್ತದೆ.

ಎರಡನೆಯ ಸಾಲಿನಲ್ಲಿ ಎಲೆಗಳನ್ನು ಹೇಳುವ ಕ್ರಮ ನೋಡಿ: ಹಳದಿ ಎಲೆ, ಇಲ್ಲವೆ ಒಂದೂ ಇಲ್ಲ, ಇಲ್ಲವೆ ಕೆಲವು. ಹಳದಿ, ಕೆಲವು, ಒಂದೂ ಇಲ್ಲ ಎಂಬ ಕ್ರಮ ಸಹಜವಾಗಿತ್ತು. ಕವಿ ಪೂರ್ತಿ ಬೋಳಾಗಿಸಿಬಿಟ್ಟು, ಇಲ್ಲ ಇಲ್ಲ, ಕೆಲವು ಉಳಿದಿವೆ ಎಂದು ಹಿಂದೆ ಸರಿಯುತ್ತಾನೆ. ವಯಸ್ಸಾಯಿತು ಎಂದು ಹೇಳಿ, ಅಷ್ಟೇನೂ ಆಗಿಲ್ಲ ಎಂದು ತಿದ್ದಿಕೊಳ್ಳುವವರ ದನಿ ಅದು. ಯಾವ ಸಮ್ಮರಿಯಲ್ಲೂ ಇದು ಉಳಿಯುವುದಿಲ್ಲ, ಏಕೆಂದರೆ ಸಮ್ಮರಿ ಮಾಡುವವರು ಮೂರನ್ನೂ ಸೇರಿಸಿ 'ಎಲೆ ಉದುರುವ ಕಾಲ' ಎಂದು ಮುಗಿಸಿರುತ್ತಾರೆ. ಇಲ್ಲಿ ನಮ್ಮ ಕಡೆಯವರದೇ ಒಂದು ವಿಶೇಷ ತಪ್ಪಿದೆ: ಎಲೆ ಉದುರಿತು ಅಂದರೆ ಯುಗಾದಿಗೆ ಚಿಗುರು ಬರುತ್ತದೆ ಎಂಬ ಲೆಕ್ಕ ಹಾಕಿ, ಪದ್ಯದಲ್ಲಿ 'ಹೊಸ ಭರವಸೆ' ಕಾಣುವುದು. ಇಂಗ್ಲೆಂಡಿನಲ್ಲಿ ಎಲೆ ಉದುರಿದ ಮೇಲೆ ಬರುವುದು ತಿಂಗಳುಗಟ್ಟಲೆ ಚಳಿ. ಚಿಗುರಿನ ಸುದ್ದಿಯನ್ನು ಈ ಪದ್ಯ ಎತ್ತುವುದೇ ಇಲ್ಲ. ಮುಸ್ಸಂಜೆಯೂ ಹಾಗೆಯೇ. ಮೈಸೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಬೇಗ ಕತ್ತಲಾಗುತ್ತದೆ, ಅಲ್ಲಿ ಬೆಳಕು ಬಹಳ ಹೊತ್ತು ಎಳೆಯುತ್ತದೆ.

ನಾಲ್ಕನೆಯ ಸಾಲು ಬರಿಯ ಕೊಂಬೆಗಳನ್ನು ಪಾಳುಬಿದ್ದ 'ಕ್ವಾಯರ್' ಎನ್ನುತ್ತದೆ. ಮಕ್ಕಳು ಇದನ್ನು ಹಾಡುವವರ ಗುಂಪು ಎಂದು ಬರೆಯುತ್ತಾರೆ, ಆದರೆ ಇಲ್ಲಿ ಅದು ಚರ್ಚಿನ ಒಳಗೆ ಹಾಡುವವರು ಕೂರುವ ಭಾಗ, ಕಟ್ಟಡ. ಎಂಟನೆಯ ಹೆನ್ರಿ 1536ರಿಂದ 1540ರ ನಡುವೆ ಮಠಗಳನ್ನು ಮುಚ್ಚಿಸಿದ್ದರಿಂದ, 1564ರಲ್ಲಿ ಹುಟ್ಟಿದ ಶೇಕ್ಸ್‌ಪಿಯರನ ಕಾಲಕ್ಕೆ ಚಾವಣಿ ಕಳೆದುಕೊಂಡ ಇಂಥ ಕಟ್ಟಡಗಳು ಊರೂರಿನಲ್ಲಿ ನಿಂತಿದ್ದವು. ಕವಿ ಅದನ್ನೇ ನೆನೆದನೆಂದು ಖಚಿತವಾಗಿ ಬರೆಯಬೇಡಿ, 'ಓದುಗರಿಗೆ ಅದು ನೆನಪಾಗುತ್ತಿದ್ದಿರಬಹುದು' ಎಂದರೆ ಸಾಕು. ಚಿತ್ರ ಕಣ್ಣಿಗೆ ಕಟ್ಟಬೇಕಾದರೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ತಲೆಯೆತ್ತಿ ನೋಡಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಕಟ್ಟಡ, ಗಾಥಿಕ್ ಶೈಲಿ. ಆ ಕಂಬ, ಚೂಪು ಕಮಾನುಗಳ ಮೇಲಿನ ಚಾವಣಿ ಕಿತ್ತುಹೋಗಿದೆ ಎಂದು ಊಹಿಸಿಕೊಂಡರೆ ಎಲೆಯಿಲ್ಲದ ಕೊಂಬೆಗಳಿಗೂ ಅದಕ್ಕೂ ಇರುವ ಹೋಲಿಕೆ ತಾನೇ ಹೊಳೆಯುತ್ತದೆ.

ಒಂಬತ್ತರಿಂದ ಹನ್ನೆರಡರವರೆಗಿನ ಬೆಂಕಿಯ ಸಾಲುಗಳಲ್ಲಿ ಮೈಸೂರಿನ ಮಕ್ಕಳು ತಡವರಿಸುತ್ತಾರೆ, ಮಂಡ್ಯದವರಿಗೆ ಬೇಗ ಹತ್ತುತ್ತದೆ. ಬೆಂಕಿಯನ್ನು ಸಾಕಿದ್ದೇ ಅದನ್ನು ಮುಗಿಸುತ್ತದೆ ಎನ್ನುತ್ತದೆ ಕೊನೆಯ ಸಾಲು. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತುಂಬುವುದನ್ನು ಕಂಡವರಿಗೆ ವಿವರಣೆ ಬೇಕಿಲ್ಲ: ಉರಿಸಿದ ಸಿಪ್ಪೆಯೇ ಬೂದಿಯಾಗಿ ಕೆಂಡವನ್ನು ಮುಚ್ಚುತ್ತದೆ, ಬೂದಿ ತೆಗೆಯದಿದ್ದರೆ ಒಲೆ ಉಸಿರು ಕಟ್ಟುತ್ತದೆ. ಮೂರು ಚಿತ್ರಗಳ ಅಳತೆಯನ್ನೂ ಗಮನಿಸಿ. ಮೊದಲನೆಯದು ವರ್ಷದ್ದು, ಎರಡನೆಯದು ದಿನದ್ದು, ಮೂರನೆಯದು ಕೆಲವು ಗಳಿಗೆಯದು. ಋತು ಮರಳುತ್ತದೆ, ಹಗಲೂ ಮರಳುತ್ತದೆ, ಆ ಬೆಂಕಿ ಮರಳುವುದಿಲ್ಲ.

ಈಗ ನಾಲ್ಕು ವಾಕ್ಯಗಳ ಮುಖ್ಯ ಕ್ರಿಯಾಪದಗಳನ್ನು ಬಲಪುಟದ ಅಂಚಿನಲ್ಲಿ ಒಂದರ ಕೆಳಗೊಂದು ಬರೆಯಿರಿ: ಕಾಣಬಹುದು, ಕಾಣುತ್ತೀ, ಕಾಣುತ್ತೀ, ಗ್ರಹಿಸುತ್ತೀ. ನಾಲ್ಕಕ್ಕೂ ಕರ್ತೃ ಒಬ್ಬನೇ, 'ನೀನು'. ಮುಪ್ಪಾಗುತ್ತಿರುವವನು ಕವಿ, ಆದರೆ ಪದ್ಯದ ತುಂಬ ಕೆಲಸ ಮಾಡುತ್ತಿರುವವನು ನೋಡುವ ಗೆಳೆಯ. ಕೊನೆಯ ಸಾಲಿನ 'ಬಿಡಬೇಕಾದದ್ದು' ಎಂಬ ಕ್ರಿಯೆಗೂ ಅವನೇ ಕರ್ತೃ. 'ನಾನು ನಿನ್ನನ್ನು ಬಿಟ್ಟು ಹೋಗುತ್ತೇನೆ, ಅದಕ್ಕೇ ಪ್ರೀತಿಸು' ಎಂದು ಬರೆಯುವವರು ಇದನ್ನು ತಲೆಕೆಳಗು ಮಾಡುತ್ತಾರೆ. ಪಠ್ಯದಲ್ಲಿರುವುದು, ನೀನು ಬೇಗ ಬಿಡಬೇಕಾಗಿರುವುದನ್ನು ಚೆನ್ನಾಗಿ ಪ್ರೀತಿಸುತ್ತೀ ಎಂದು. ಪ್ರೀತಿಗೆ ಸಾವಿಲ್ಲ ಎಂಬ ಮಾತು ಇದರಲ್ಲಿ ಎಲ್ಲಿ ಬಂತು?

ಇಷ್ಟಕ್ಕೆ ಹಿಡಿಯುವುದು ಒಂದೂವರೆ ಗಂಟೆ. ಬರೆದು ಓದಲು ಇಪ್ಪತ್ತು ನಿಮಿಷ, ಅನ್ವಯಕ್ಕೆ ನಲವತ್ತು, ಪದಗಳಿಗೆ ಹತ್ತು, ಉತ್ತರ ಬರೆಯಲು ಉಳಿದದ್ದು. ಅನ್ವಯವನ್ನು ಮೊದಲು ಅವೇ ಇಂಗ್ಲಿಷ್ ಪದಗಳಲ್ಲಿ ಮಾಡಿ, ಅರ್ಥವನ್ನು ಮನೆಮಾತಿನ ಕನ್ನಡದಲ್ಲಿ ಬಾಯಲ್ಲಿ ಹೇಳಿ, ಕಡೆಗೆ ಇಂಗ್ಲಿಷಿನಲ್ಲಿ ಬರೆಯಿರಿ. "ಇಂಗ್ಲಿಷ್ ಟ್ಯೂಷನ್‌ನಲ್ಲಿ ಕನ್ನಡ ಯಾಕೆ ಮೇಡಂ?" ಎನ್ನುವ ಅಪ್ಪ ಅಮ್ಮಂದಿರಿಗೆ ಉತ್ತರ ಇಲ್ಲೇ ಊರೊಳಗಿದೆ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀಯವರೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದವರು. ಕನ್ನಡದಲ್ಲಿ ಹೇಳಲಾಗದ ಸಾಲು ಇಂಗ್ಲಿಷಿನಲ್ಲೂ ಅರ್ಥವಾಗಿರುವುದಿಲ್ಲ, ಇಂಗ್ಲಿಷ್ ಪದಗಳ ಹಿಂದೆ ಅದು ಅಡಗಿರುತ್ತದೆ, ಅಷ್ಟೇ.

ಎಲ್ಲಕ್ಕೂ ಇದೇ ಮದ್ದು ಎಂದು ಹೇಳುತ್ತಿಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆಸೆಟ್, ನೆಟ್ ಅರ್ಹತಾ ಪರೀಕ್ಷೆಗೆ ಇಸವಿ, ಹೆಸರುಗಳ ಬಾಯಿಪಾಠ ಬೇಕೇ ಬೇಕು. ಉದ್ದನೆಯ ಕಥನಕ್ಕೆ ಕಥಾಸಾರ ಮೊದಲೇ ಓದುವುದೂ ತಪ್ಪಲ್ಲ. ಮಿಲ್ಟನ್‌ನ ಪ್ಯಾರಡೈಸ್ ಲಾಸ್ಟ್ 1667ರಲ್ಲಿ ಬಂದಾಗ ಸಾರ ಇರಲಿಲ್ಲ. ಪ್ರಕಾಶಕ ಕೇಳಿದ್ದಕ್ಕೆ ಮರುವರ್ಷದ ಪ್ರತಿಗಳಿಗೆ ಕಾವ್ಯದ ಒಂದೊಂದು ಭಾಗದ ಗದ್ಯಸಾರ ಸೇರಿತು. ಅದನ್ನು ಓದಿಕೊಂಡೇ ಒಳಗೆ ಹೋಗಿ. ಅದು ಏನಾಯಿತು ಎಂದು ಹೇಳುತ್ತದೆ, ಏನರ್ಥ ಎಂದು ಹೇಳುವುದಿಲ್ಲ. ಕಾವ್ಯದ ಮೊದಲ ವಾಕ್ಯ ಹದಿನಾರು ಸಾಲು, ಮುಖ್ಯ ಕ್ರಿಯಾಪದ 'ಹಾಡು' ಬರುವುದು ಆರನೆಯ ಸಾಲಿನಲ್ಲಿ. ಚಂಪೂಕಾವ್ಯದ ಉದ್ದ ವಾಕ್ಯ ಬಿಡಿಸಿದವರು ಇದಕ್ಕೆ ಹೆದರಬೇಕಾಗಿಲ್ಲ. ಕಾದಂಬರಿಗೆ ಅನ್ವಯ ಬೇಡ, ದಿನದ ಪಾಲು ಬೇಕು. ಪ್ರೈಡ್ ಅಂಡ್ ಪ್ರೆಜುಡಿಸ್‌ನಲ್ಲಿ 61 ಅಧ್ಯಾಯ, ಹಲವು ತೀರ ಚಿಕ್ಕವು. ದಿನಕ್ಕೆರಡು ಓದಿದರೆ ತಿಂಗಳಲ್ಲಿ ಮುಗಿಯುತ್ತದೆ. ಮಂಡ್ಯದಿಂದ ರೈಲಿನಲ್ಲಿ ಬರುವವರಿಗೆ ಹೋಗಿಬರುವ ಹೊತ್ತೇ ಸಾಕು. ಪ್ರತಿ ಅಧ್ಯಾಯದ ಕೊನೆಗೆ ಒಂದೇ ಸಾಲು ಬರೆಯಿರಿ: ಯಾರಿಗೆ ಹೊಸದಾಗಿ ಏನು ತಿಳಿಯಿತು, ಯಾರಿಗೆ ಇನ್ನೂ ತಿಳಿದಿಲ್ಲ.

ಎರಡೇ ವಾರ ಉಳಿಸಿಕೊಂಡು ಬಂದವರು ಎಲ್ಲವನ್ನೂ ಹೀಗೆ ಓದಲಾರರು. ಸಿಲಬಸ್ಸಿನ ಚಿಕ್ಕ ಪದ್ಯಗಳಲ್ಲಿ ನಾಲ್ಕು, ನಾಟಕದಿಂದ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಮೂರು ಸಂಭಾಷಣೆಯ ಭಾಗ, ಇಷ್ಟಕ್ಕೆ ಅನ್ವಯ ಮಾಡಿ. ಉಳಿದುದಕ್ಕೆ ಗೈಡೇ ಇರಲಿ, ಬೇಡ ಎನ್ನುವುದಿಲ್ಲ. ಕೊನೆಯ ಮೂರು ದಿನ ಹೊಸ ಪದ್ಯ ಮುಟ್ಟಬೇಡಿ. ಬಲಪುಟ ಮುಚ್ಚಿ, ಎಡಪುಟ ನೋಡಿಕೊಂಡು ಅನ್ವಯವನ್ನು ಬಾಯಲ್ಲಿ ಹೇಳಿ. ತಡವರಿಸಿದ ಸಾಲಿಗೆ ಗುರುತು ಹಾಕಿ, ಪರೀಕ್ಷೆಯ ಬೆಳಿಗ್ಗೆ ಆ ಸಾಲುಗಳನ್ನು ಮಾತ್ರ ನೋಡಿಕೊಂಡು ಹೊರಡಿ.