ಮಲೆನಾಡಿನ ಗದ್ದೆ, ತೋಟಕ್ಕೆ ಹೊದಿಕೆ ಬೆಳೆ: ಯಾವುದು, ಯಾವಾಗ, ಎಷ್ಟು

ಏಪ್ರಿಲ್‌-ಮೇ ತಿಂಗಳಲ್ಲಿ ನಮ್ಮ ಗದ್ದೆಗಳು ಬರಿದಾಗಿರುತ್ತವೆ. ಗುಡುಗಿನ ಮಳೆಯ ದಪ್ಪ ಹನಿಗಳು ನೇರ ನೆಲಕ್ಕೆ ಬಡಿದಾಗ ಮೇಲ್ಮಣ್ಣು ಕದಡಿ ಕೆಂಪು ನೀರಾಗಿ ಹಳ್ಳ ಸೇರುತ್ತದೆ. ಆಮೇಲೆ ಜೋರು ಮಳೆಗಾಲ ಸುಣ್ಣ, ಪೊಟ್ಯಾಷ್‌ಗಳನ್ನೂ ಬಸಿದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗುತ್ತದೆ. ಹೊದಿಕೆ ಬೆಳೆ ಮೊದಲು ನೆಲ ಮುಚ್ಚುತ್ತದೆ, ಆಮೇಲೆ ಗೊಬ್ಬರವಾಗುತ್ತದೆ. ಇವೆರಡರಲ್ಲಿ ಯಾವುದು ಮುಖ್ಯ ಎಂಬುದರ ಮೇಲೆ ಬೆಳೆಯ ಆಯ್ಕೆ ನಿಲ್ಲುತ್ತದೆ.

ಭತ್ತದ ಗದ್ದೆಗೆ ಡಯಾಂಚ ಅಥವಾ ಸೆಣಬು, ಎರಡೂ ಹಸಿರೆಲೆ ಗೊಬ್ಬರದ ಗಿಡಗಳು. ನೀರು ನಿಲ್ಲುವ ತಗ್ಗು ಗದ್ದೆಯಾದರೆ ಡಯಾಂಚವೇ ಸರಿ, ಸೆಣಬಿನ ಬೇರು ಅಲ್ಲಿ ಕೊಳೆಯುತ್ತದೆ. ನೀರು ಬಸಿಯುವ ಮೇಲಿನ ಗದ್ದೆ, ಹಕ್ಕಲಿಗೆ ಸೆಣಬು ಬೇಗ ಬೆಳೆಯುತ್ತದೆ. ಎರಡಕ್ಕೂ ಎಕರೆಗೆ ಸುಮಾರು 20 ಕೆಜಿ ಬೀಜ. ಬಿತ್ತನೆ ತೆಳುವಾದರೆ ಕಾಂಡ ದಪ್ಪವಾಗಿ ನಾರು ಕಟ್ಟುತ್ತದೆ, ಸಂದಿಯಲ್ಲಿ ಕಳೆ ಏಳುತ್ತದೆ. ಡಯಾಂಚದ ಸಿಪ್ಪೆ ಗಟ್ಟಿ, ಹಿಂದಿನ ರಾತ್ರಿ ನೆನೆಸಿಟ್ಟರೆ ಮೊಳಕೆ ಒಂದೇ ಸಮನೆ ಬರುತ್ತದೆ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಾಣು ರೈಜೋಬಿಯಂ. ಅದನ್ನು ಬೀಜಕ್ಕೆ ಹಚ್ಚುವುದಾದರೆ ಬೆಲ್ಲದ ಅಂಟಿನಲ್ಲಿ ಕಲಸಿ ನೆರಳಿನಲ್ಲಿ ಆರಿಸಬೇಕು. ಸೆಣಬಿಗೆ ಅಲಸಂದೆಯ ರೈಜೋಬಿಯಂ ಆಗುತ್ತದೆ, ಡಯಾಂಚಕ್ಕೆ ಅದರದೇ ಬೇಕು. ಅಂಗಡಿಯಲ್ಲಿ ಇದನ್ನು ಕೇಳಿಯೇ ತನ್ನಿ.

ಹುಳಿ ಮಣ್ಣಿನಲ್ಲಿ ಬೇರುಗಂಟು ಕಟ್ಟುವುದು ಕಷ್ಟ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕಡಿಮೆ ಬಂದಿದ್ದರೆ, ವರದಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಎರಡು-ಮೂರು ವಾರ ಮೊದಲೇ ಹಾಕಿ. ಭತ್ತಕ್ಕೆ ಕೊಡಬೇಕಾದ ರಂಜಕವನ್ನು ಶಿಲಾರಂಜಕದ (ರಾಕ್ ಫಾಸ್ಫೇಟ್) ರೂಪದಲ್ಲಿ ಹೊದಿಕೆ ಬೆಳೆಗೇ ಕೊಡುವುದು ಜಾಣತನ. ಹುಳಿ ಮಣ್ಣಿನಲ್ಲಿ ಅದು ಕರಗುತ್ತದೆ, ಸೊಪ್ಪಿನ ಮೂಲಕ ಭತ್ತಕ್ಕೂ ಸಿಗುತ್ತದೆ. ತಿಂಗಳಾದ ಮೇಲೆ ಒಂದು ಗಿಡ ಕಿತ್ತು ಬೇರುಗಂಟು ಸೀಳಿ ನೋಡಿ. ಒಳಗೆ ಗುಲಾಬಿ-ಕೆಂಪು ಇದ್ದರೆ ಸಾರಜನಕ ಹಿಡಿಯುತ್ತಿದೆ, ಬಿಳಿ ಅಥವಾ ಹಸಿರಿದ್ದರೆ ಇಲ್ಲ.

ಕೃತ್ತಿಕೆ ಮಳೆಯ ಹದಕ್ಕೆ ಬಿತ್ತಿದರೆ ಆರಿದ್ರೆ ಮುಗಿದು ಪುನರ್ವಸು ಹಿಡಿಯುವ ಹೊತ್ತಿಗೆ 45–50 ದಿನ. ಹೂ ಕಾಣಿಸಲು ಶುರುವಾದ ಕೂಡಲೇ ಮಣ್ಣಿಗೆ ಸೇರಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಇನ್ನಷ್ಟು ಸೊಪ್ಪಾಗಲಿ ಎಂದು ಎರಡು ವಾರ ಬಿಟ್ಟರೆ ತೂಕ ಹೆಚ್ಚುತ್ತದೆ ನಿಜ, ಆದರೆ ಕಾಂಡ ನಾರಾಗುತ್ತದೆ. ಅದನ್ನು ಕೊಳೆಸಲು ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ನಟ್ಟಿಯಾದ ಸಸಿ ಹಳದಿಯಾಗುತ್ತದೆ. ಟಿಲ್ಲರ್ ಚಕ್ರಕ್ಕೆ ನಾರು ಸುತ್ತಿಕೊಳ್ಳುವ ತಾಪತ್ರಯ ಬೇರೆ.

ಗಿಡ ಮಲಗಿಸಿ, ತೆಳುವಾಗಿ ನೀರು ನಿಲ್ಲಿಸಿ, ಕೆಸರು ಹೊಡೆದ ಮೇಲೆ 7–10 ದಿನ ಬಿಟ್ಟು ನಟ್ಟಿ. ಕಬ್ಬಿಣದಂಶ ಹೆಚ್ಚಿರುವ ಜಂಬಿಟ್ಟಿಗೆ ಗುಡ್ಡದ ಬುಡದ ಗದ್ದೆಗಳಲ್ಲಿ ಈ ಬಿಡುವು ಇನ್ನೂ ಅಗತ್ಯ. ಸೊಪ್ಪು ಕೊಳೆಯುವಾಗ ಮಣ್ಣಿನ ಆಮ್ಲಜನಕ ಮುಗಿದು ಕಬ್ಬಿಣ ಕರಗುತ್ತದೆ. ನೀರಿನ ಮೇಲೆ ಎಣ್ಣೆಯಂಥ ಕೆಂಪು ಪೊರೆ, ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ಎರಡು-ಮೂರು ದಿನ ನೀರು ಬಸಿದು ಹೊಸ ನೀರು ಕಟ್ಟಿ.

ಯೂರಿಯಾ ಎಷ್ಟು ಕಡಿಮೆ ಮಾಡಬಹುದು? ಗದ್ದೆಯ ನಾಲ್ಕೈದು ಕಡೆ ಒಂದೊಂದು ಚದರ ಮೀಟರ್ ಕೊಯ್ದು ತೂಗಿ. ಸರಾಸರಿ 1.5 ಕೆಜಿ ಬಂದರೆ ಎಕರೆಗೆ ಸುಮಾರು 6 ಟನ್ ಹಸಿ ಸೊಪ್ಪು. ಹಸಿ ತೂಕದಲ್ಲಿ ಸಾರಜನಕ ಶೇ 0.45ರಂತೆ 27 ಕೆಜಿ. ಎಲ್ಲವೂ ಅದೇ ಬೆಳೆಗೆ ಸಿಗುವುದಿಲ್ಲ, ಅರ್ಧ ಹಿಡಿಯುವುದು ಕ್ಷೇಮ. ಅಂದರೆ ಸುಮಾರು 29 ಕೆಜಿ ಯೂರಿಯಾದಷ್ಟು, ಅದನ್ನು ಬುಡಗೊಬ್ಬರದಲ್ಲಿ ಕಳೆಯಿರಿ. ಪೊಟ್ಯಾಷ್ ಕಡಿಮೆ ಮಾಡಬೇಡಿ.

ಅಡಿಕೆ ತೋಟದ ಲೆಕ್ಕ ಬೇರೆ. ನೆರಳು ಕವಿದ ಹಳೇ ತೋಟದಲ್ಲಿ ಸೆಣಬು ಸೊರಗುತ್ತದೆ. ಅಲ್ಲಿ ಸೋಗೆ, ದರಗಿನ ಮುಚ್ಚಿಗೆಯೇ ವಾಸಿ. ಎಳೇ ತೋಟಕ್ಕೆ ಪ್ಯೂರೇರಿಯಾ, ಕ್ಯಾಲೊಪೊಗೋನಿಯಂ ಬಳ್ಳಿಗಳು ಹೊಂದುತ್ತವೆ. ಮುಂಗಾರು ಪೂರ್ವ ಮಳೆಗೆ ಬಿತ್ತಿ, ಮಳೆ ಇಳಿಮುಖವಾದಾಗ ಕೊಯ್ದು ಬುಡಕ್ಕೆ ಹಾಕುವುದು ಕ್ರಮ. ಬುಡದ ಸುತ್ತ ಮೂರಡಿ ಬಿಟ್ಟು ಸಾಲಿನ ನಡುವೆ ಮಾತ್ರ ಬಿತ್ತಿ. ಅಡಿಕೆಯ ಬೇರು ಮೇಲ್ಪದರದಲ್ಲೇ ಹರಡಿರುವುದರಿಂದ ಅಗೆತ ಬೇಡ. ಬಳ್ಳಿ ಸಸಿ ಏರದಂತೆ ಆಗಾಗ ಬಿಡಿಸುತ್ತಿರಬೇಕು. ಬಸಿಗಾಲುವೆಗೂ ಇಳಿಯಲು ಬಿಡಬಾರದು, ಜುಲೈ ಮಳೆಯಲ್ಲಿ ಅದೇ ಕಟ್ಟಿಕೊಂಡು ನೀರು ನಿಲ್ಲುತ್ತದೆ.

ಶುಂಠಿ, ಕಾಳುಮೆಣಸು ಹಾಕುವ ಜಾಗಕ್ಕೆ ಅಲಸಂದೆ ಬಿತ್ತುವ ಮುನ್ನ ಯೋಚಿಸಿ. ಅದರ ಅನೇಕ ತಳಿಗಳಲ್ಲಿ ಬೇರುಗಂಟು ಜಂತುಹುಳು (ಬೇರಿನಲ್ಲಿ ರೋಗದ ಗಂಟು ಕಟ್ಟಿಸುವ ಹುಳು, ಮೇಲೆ ಹೇಳಿದ ಸಾರಜನಕದ ಗಂಟಲ್ಲ) ಹೆಚ್ಚುತ್ತದೆ, ಅದೇ ಹುಳು ಶುಂಠಿ, ಮೆಣಸಿನ ಬೇರನ್ನೂ ಹಿಡಿಯುತ್ತದೆ. ಸೆಣಬಿನ ಬೇರಿನಲ್ಲಿ ಅದು ಬೆಳೆಯದು. ಶುಂಠಿ ಪಟ್ಟೆಗಳ ನಡುವೆ ಸೆಣಬು ಬಿತ್ತಿ, 50 ದಿನಕ್ಕೆ ಕೊಯ್ದು ಪಟ್ಟೆಯ ಮೇಲೆ ಹರಡಿದರೆ ಮುಚ್ಚಿಗೆಯೂ ಆಯಿತು.

ಭತ್ತ ಕೊಯ್ದ ಮೇಲೆ ಉಳಿದ ತೇವಕ್ಕೆ ಹುರುಳಿ ಅಥವಾ ಅಲಸಂದೆ, ಎಕರೆಗೆ 10–12 ಕೆಜಿ. ಕೊಯ್ಲಾದ ವಾರದೊಳಗೆ ಬಿತ್ತಬೇಕು, ತಡವಾದರೆ ಮಣ್ಣು ಬಿರಿದು ಮೊಳಕೆ ಒಣಗುತ್ತದೆ. ಆದರೆ ಸುಗ್ಗಿ ಮುಗಿದೊಡನೆ ಬಯಲಿಗೆ ದನ ಬಿಡುವ ಊರುಗಳಲ್ಲಿ ಒಬ್ಬರೇ ಬಿತ್ತಿದರೆ ಬೆಳೆ ಉಳಿಯುವುದಿಲ್ಲ. ಇಡೀ ಬಯಲಿನವರು ಕೂಡಿ ಬಿತ್ತುವುದು, ಇಲ್ಲವೇ ಬೇಲಿ ಕಟ್ಟುವುದು, ಎರಡರಲ್ಲಿ ಒಂದನ್ನು ಕೊಯ್ಲಿಗೆ ಮೊದಲೇ ತೀರ್ಮಾನಿಸಿಕೊಳ್ಳಬೇಕು.